ಆಫೀಸಿನ ಪಾರ್ಕಿಂಗ್‌ನಲ್ಲೇ ಬಿದ್ದ ಖಾಸಗಿ ಟಿಕೆಟ್: ಕಟ್ಟಬೇಕೆ, ಪ್ರಶ್ನಿಸಬೇಕೆ?

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್ ಹತ್ತಿರದ ಬಿಸಿನೆಸ್ ಪಾರ್ಕೊಂದರಲ್ಲಿ ನನ್ನ ಆಫೀಸಿದೆ. ಸಿಬ್ಬಂದಿಗೆ ಪಾರ್ಕಿಂಗ್ ಉಚಿತ. ಕಾರಿನ ನಂಬರನ್ನು ಫೆಸಿಲಿಟೀಸ್‌ನವರಿಗೆ ಕೊಟ್ಟರೆ ಅವರು ಪಾರ್ಕಿಂಗ್ ಕಂಪನಿಯ ಪಟ್ಟಿಗೆ ಸೇರಿಸುತ್ತಾರೆ, ಗೇಟಿನ ಕ್ಯಾಮೆರಾ ನಂಬರ್ ಓದಿಕೊಳ್ಳುತ್ತದೆ. ಕಾರು ಬದಲಿಸಿದಾಗ 2025ರ ಆಗಸ್ಟ್ 29ರಂದೇ ಹೊಸ ನಂಬರ್ ಇಮೇಲ್ ಮಾಡಿದ್ದೆ. ಅವರು ಪಟ್ಟಿಗೆ ಹಾಕಿದ್ದು ಸೆಪ್ಟೆಂಬರ್ 10ಕ್ಕೆ. ಈಗ ಸೆಪ್ಟೆಂಬರ್ 2, 3 ಮತ್ತು 9ರ ಪಾರ್ಕಿಂಗ್‌ಗೆ ಮೂರು ಪತ್ರ ಬಂದಿವೆ. ಮೂರರ ಮೇಲೂ ಸೆಪ್ಟೆಂಬರ್ 15ರ ದಿನಾಂಕವಿದೆ, ಮನೆ ತಲುಪಿದ್ದು 18ರಂದು. ತಲಾ 100 ಪೌಂಡ್, 14 ದಿನದೊಳಗೆ ಕಟ್ಟಿದರೆ 60. ಒಬ್ಬ ಸಹೋದ್ಯೋಗಿ ಹರಿದು ಬಿಸಾಕು ಅನ್ನುತ್ತಾರೆ, ಇನ್ನೊಬ್ಬರು 180 ಕಟ್ಟಿ ನೆಮ್ಮದಿಯಾಗಿರು ಅನ್ನುತ್ತಾರೆ. ವೀಸಾಕ್ಕೆ ತೊಂದರೆ ಆದೀತೆ?

ಉತ್ತರ: ಹರಿದು ಬಿಸಾಕಲೂ ಬೇಡಿ, ಅವಸರದಲ್ಲಿ ಕಟ್ಟಲೂ ಬೇಡಿ. ಕಟ್ಟಿದ ಮೇಲೆ ಮೇಲ್ಮನವಿಯ ಬಾಗಿಲು ಮುಚ್ಚಿತೆಂದೇ ಲೆಕ್ಕ. ನಿಮ್ಮ ಮೂರು ಪತ್ರಗಳು ನೋಡಲು ಒಂದೇ ಥರ ಇದ್ದರೂ ಕಾನೂನಿನಲ್ಲಿ ಮೂರಕ್ಕೂ ಬೇರೆ ಬೇರೆ ಬಲವಿದೆ. ಆ ಲೆಕ್ಕ ಆಮೇಲೆ ನೋಡೋಣ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ನಿಮ್ಮ ಆಫೀಸಿನೊಳಗೇ ಇದೆ.

ಪತ್ರದ ಮೇಲಿರುವ ಪಿಸಿಎನ್ ಎಂಬ ಮೂರಕ್ಷರಕ್ಕೆ ಹೆದರಬೇಡಿ. ಕೌನ್ಸಿಲ್ ಕಳಿಸುವ ಟಿಕೆಟ್‌ಗೂ ಅದೇ ಮೂರಕ್ಷರ. ಅದು ಪೆನಾಲ್ಟಿ ಚಾರ್ಜ್ ನೋಟಿಸ್, ಅದರ ಹಿಂದೆ ಸರ್ಕಾರಿ ಅಧಿಕಾರವಿದೆ. ನಿಮಗೆ ಬಂದಿರುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಬೋರ್ಡಿನಲ್ಲಿ ಬರೆದ ಷರತ್ತನ್ನು ಮೀರಿದಿರಿ, ಒಪ್ಪಂದದ ಪ್ರಕಾರ ಇಷ್ಟು ಕೊಡಿ ಎಂದು ಒಂದು ಖಾಸಗಿ ಕಂಪನಿ ಕೇಳುತ್ತಿರುವ ಹಣ ಅದು. ಪೊಲೀಸ್ ಕೇಸಲ್ಲ, ಲೈಸೆನ್ಸ್‌ಗೆ ಪಾಯಿಂಟ್ ಬೀಳುವುದಿಲ್ಲ. ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಚಕ್ರಕ್ಕೆ ಬೀಗ ಜಡಿಯುವುದನ್ನು ಕಂಡವರಿಗೆ ಇಲ್ಲೂ ಹಾಗೆ ಮಾಡಿಯಾರೆಂಬ ಭಯವಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದಲ್ಲಿ ಕಾರಿಗೆ ಕ್ಲಾಂಪ್ ಹಾಕುವುದನ್ನು 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆ್ಯಕ್ಟ್ ನಿಷೇಧಿಸಿದೆ.

ಆದರೆ ಅದೇ ಕಾಯ್ದೆ ಪಾರ್ಕಿಂಗ್ ಕಂಪನಿಗಳಿಗೆ ಇನ್ನೊಂದು ಕೈಯಲ್ಲಿ ದೊಡ್ಡದನ್ನೇ ಕೊಟ್ಟಿತು. ಕಾರು ಓಡಿಸಿದವರು ಯಾರೆಂದು ಗೊತ್ತಾಗದಿದ್ದರೂ, ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆ ಕೀಪರ್‌ನಿಂದ ಹಣ ವಸೂಲು ಮಾಡಬಹುದು, ಅದರ ಅನುಸೂಚಿ 4ರಲ್ಲಿ ಹೇಳಿದ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದರೆ ಮಾತ್ರ. "ಖಾಸಗಿ ಟಿಕೆಟ್ ತಾನೆ, ಬಿಸಾಕು" ಎನ್ನುವ ನಿಮ್ಮ ಸಹೋದ್ಯೋಗಿಯ ಸಲಹೆ 2012ರ ಹಿಂದಿನದು. "ಅವರಿಗೆ ನಷ್ಟವೇನಾಯಿತು, 100 ಪೌಂಡ್ ಯಾಕೆ" ಎಂಬ ವಾದವೂ 2015ರ ನವೆಂಬರ್‌ನಲ್ಲಿ ಸತ್ತುಹೋಯಿತು. ಚೆಲ್ಮ್ಸ್‌ಫರ್ಡ್‌ನ ರಿಟೇಲ್ ಪಾರ್ಕೊಂದರಲ್ಲಿ ಎರಡು ಗಂಟೆಯ ಉಚಿತ ಅವಧಿ ಮೀರಿ ಸುಮಾರು ಒಂದು ಗಂಟೆ ಹೆಚ್ಚು ನಿಲ್ಲಿಸಿದ ಕಾರಿಗೆ ಹಾಕಿದ 85 ಪೌಂಡನ್ನು, ಪಾರ್ಕಿಂಗ್‌ಐ ವಿರುದ್ಧ ಬೀವಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇಂದಿಗೂ ಎಷ್ಟೋ ಜನ ಇದೇ ಸತ್ತ ವಾದವನ್ನು ಮೇಲ್ಮನವಿಯಲ್ಲಿ ಬರೆದು ಸೋಲುತ್ತಾರೆ.

ಮೊದಲು ಆಫೀಸಿನೊಳಗಿನ ಕೆಲಸ

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಿದೆ ನಿಮ್ಮ ಸ್ಥಿತಿ. ಜಾಗ ಕೊಟ್ಟವರು ಒಪ್ಪಿದ್ದಾರೆ, ಬಾಗಿಲು ಕಾಯುವವರು ಬಿಲ್ ಕಳಿಸಿದ್ದಾರೆ. ಹಾಗಾಗಿ ಪೂಜಾರಿಯ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಮೇಲಿನವರಿಗೆ ಹೇಳಬೇಕು. ಪಾರ್ಕಿಂಗ್ ಕಂಪನಿ ಅಲ್ಲಿ ಕೆಲಸ ಮಾಡುವುದು ಜಾಗದ ಮಾಲೀಕರ ಅಥವಾ ಅವರ ಮ್ಯಾನೇಜಿಂಗ್ ಏಜೆಂಟರ ಗುತ್ತಿಗೆಯ ಮೇಲೆ. ಅವರು "ಈ ಟಿಕೆಟ್ ರದ್ದು ಮಾಡಿ" ಎಂದು ಒಂದು ಸಾಲಿನ ಇಮೇಲ್ ಕಳಿಸಿದರೆ ಬಹುಪಾಲು ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಮಾಲ್‌ನಲ್ಲೋ ಸೂಪರ್‌ಮಾರ್ಕೆಟ್‌ನಲ್ಲೋ ಟಿಕೆಟ್ ಬಿದ್ದವರಿಗಿಂತ ಕೆಲಸದ ಜಾಗದಲ್ಲಿ ಬಿದ್ದವರಿಗೆ ಇರುವ ದೊಡ್ಡ ಅನುಕೂಲವೇ ಇದು. ಆದರೂ ಹೆಚ್ಚಿನವರು ಇದನ್ನು ಕೊನೆಗೆ, ಮೇಲ್ಮನವಿಯಲ್ಲಿ ಸೋತ ಮೇಲೆ ಮಾಡುತ್ತಾರೆ. ಅಷ್ಟರಲ್ಲಿ ಫೈಲು ವಸೂಲಿ ಏಜೆನ್ಸಿಗೋ ವಕೀಲರಿಗೋ ಹೋಗಿರುತ್ತದೆ, ರದ್ದು ಮಾಡಿಸಲು ಏಜೆಂಟರೂ ಹಿಂದೆಮುಂದೆ ನೋಡುತ್ತಾರೆ.

ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಫೆಸಿಲಿಟೀಸ್‌ಗೆ ಇಮೇಲ್ ಮಾಡಿ, ನಿಮ್ಮ ಮ್ಯಾನೇಜರನ್ನು ಸಿಸಿಯಲ್ಲಿ ಇಡಿ. ಮೂರು ವಿಷಯ ಕೇಳಿ. ಒಂದು, ಆಗಸ್ಟ್ 29ರಂದು ಹೊಸ ನಂಬರ್ ತಮಗೆ ತಲುಪಿತ್ತು, ಅಂದಿನಿಂದಲೇ ಆ ವಾಹನಕ್ಕೆ ಪಾರ್ಕಿಂಗ್ ಅನುಮತಿ ಇತ್ತು, ಪಟ್ಟಿಗೆ ಸೇರಿಸುವುದು ತಡವಾದದ್ದು ಆಡಳಿತದ ಕಾರಣಕ್ಕೆ ಎಂದು ಎರಡು ಸಾಲು ಬರೆದುಕೊಡಿ. ಎರಡು, ಮ್ಯಾನೇಜಿಂಗ್ ಏಜೆಂಟರಿಗೆ ಮೂರೂ ರೆಫರೆನ್ಸ್ ನಂಬರ್ ಕಳಿಸಿ ರದ್ದು ಮಾಡಿಸಿ. ಮೂರು, ನಮ್ಮ ಕಂಪನಿಯ ಬಾಡಿಗೆ ಕರಾರಿನಲ್ಲಿ ಎಷ್ಟು ಕಾರು ನಿಲ್ಲಿಸುವ ಹಕ್ಕಿದೆ, ಅದಕ್ಕೆ ಏನಾದರೂ ಷರತ್ತಿದೆಯೇ ಎಂದು ತಿಳಿಸಿ. ಈ ಮೂರನೆಯದಕ್ಕೆ ಉತ್ತರ ಬರುವುದು ಕಷ್ಟ, ಬಂದರೆ ಮಾತ್ರ ಚಿನ್ನ. ಕಾರಣ, ಕರಾರಿನಲ್ಲಿ ಬೇಷರತ್ತಾಗಿ ಬಂದ ಪಾರ್ಕಿಂಗ್ ಹಕ್ಕನ್ನು ಆಮೇಲೆ ಬಂದ ಪಾರ್ಕಿಂಗ್ ಕಂಪನಿ ಬೋರ್ಡು ನೆಟ್ಟು ಕಿತ್ತುಕೊಳ್ಳಲಾಗದು. 2016ರ ಜಾಪ್ಸನ್ ವಿರುದ್ಧ ಹೋಮ್‌ಗಾರ್ಡ್ ಪ್ರಕರಣದಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನ ಹಿರಿಯ ನ್ಯಾಯಾಧೀಶರು ಹೇಳಿದ್ದು ಇದನ್ನೇ. ಅದು ವಸತಿ ಕಟ್ಟಡದ ಪ್ರಕರಣ, ಎಲ್ಲ ಕೋರ್ಟುಗಳ ಮೇಲೂ ಕಟ್ಟುನಿಟ್ಟಾಗಿ ಬಂಧನಕಾರಿಯಲ್ಲ. ಆದರೂ ತರ್ಕ ಕಚೇರಿಗೂ ಹೊಂದುತ್ತದೆ.

ಇಮೇಲ್‌ನ ಭಾಷೆಯ ಬಗ್ಗೆ ಒಂದು ಎಚ್ಚರಿಕೆ. "ನಾನು 2ನೇ ತಾರೀಖು ಬೆಳಿಗ್ಗೆ ಕಾರು ನಿಲ್ಲಿಸಿದೆ" ಎಂದು ಬರೆಯಬೇಡಿ. ಫೆಸಿಲಿಟೀಸ್‌ನವರು ಒಳ್ಳೆಯ ಮನಸ್ಸಿನಿಂದಲೇ ನಿಮ್ಮ ಇಮೇಲನ್ನು ಹಾಗೇ ಪಾರ್ಕಿಂಗ್ ಕಂಪನಿಗೆ ಫಾರ್ವರ್ಡ್ ಮಾಡುತ್ತಾರೆ. ಚಾಲಕರು ಯಾರೆಂಬ ಗುಟ್ಟು ಅಲ್ಲಿಗೆ ರಟ್ಟಾಗುತ್ತದೆ. "ನನ್ನ ಹೆಸರಿನಲ್ಲಿ ನೋಂದಣಿಯಾಗಿರುವ ವಾಹನಕ್ಕೆ ಮೂರು ನೋಟಿಸ್ ಬಂದಿವೆ" ಎಂದರೆ ಸಾಕು. ಇದು ಯಾಕೆ ಮುಖ್ಯ ಎಂಬುದು ಈಗ ಗೊತ್ತಾಗುತ್ತದೆ.

ದಿನಾಂಕದ ಲೆಕ್ಕ

ಗಾಜಿಗೆ ಚೀಟಿ ಅಂಟಿಸದೆ, ಕ್ಯಾಮೆರಾ ಚಿತ್ರದ ಮೇಲೆ ಅಂಚೆಯಲ್ಲಿ ನೇರ ಕಳಿಸುವ ನೋಟಿಸ್‌ಗೆ ಅನುಸೂಚಿ 4ರ 9ನೇ ಪ್ಯಾರಾ ಅನ್ವಯಿಸುತ್ತದೆ. ಪಾರ್ಕಿಂಗ್ ಮುಗಿದ ಮರುದಿನವನ್ನು ಮೊದಲ ದಿನವೆಂದು ಎಣಿಸಿ, 14 ದಿನದೊಳಗೆ ನೋಟಿಸ್ ಕೀಪರ್‌ಗೆ ತಲುಪಿರಬೇಕು. ಕಳಿಸಿದರೆ ಸಾಲದು, ತಲುಪಬೇಕು. ಅಂಚೆಗೆ ಹಾಕಿದ ಮೇಲೆ ಎರಡನೆಯ ಕೆಲಸದ ದಿನ ತಲುಪಿತೆಂದು ಕಾನೂನು ಭಾವಿಸುತ್ತದೆ, ಬೇರೆ ರೀತಿ ಸಾಬೀತಾಗದ ಹೊರತು. ಶನಿವಾರ, ಭಾನುವಾರ, ಸಾರ್ವಜನಿಕ ರಜೆ ಲೆಕ್ಕಕ್ಕಿಲ್ಲ.

ನಿಮ್ಮ ಪತ್ರಗಳ ದಿನಾಂಕ ಸೆಪ್ಟೆಂಬರ್ 15, ಸೋಮವಾರ. ಅಂದೇ ಅಂಚೆಗೆ ಹೋಯಿತು ಎಂದುಕೊಂಡರೂ ತಲುಪಿದ್ದೆಂದು ಭಾವಿಸುವ ದಿನ 17, ಬುಧವಾರ.

ಸೆಪ್ಟೆಂಬರ್ 2ರ ಟಿಕೆಟ್: 14 ದಿನ 3ಕ್ಕೆ ಶುರುವಾಗಿ 16ಕ್ಕೆ ಮುಗಿಯುತ್ತದೆ. ನೋಟಿಸ್ ಒಂದು ದಿನ ತಡ. ಕೀಪರ್‌ನಿಂದ ಹಣ ಕೇಳುವ ಹಕ್ಕು ಈ ಟಿಕೆಟ್ ಮೇಲೆ ಅವರಿಗಿಲ್ಲ. ಓಡಿಸಿದವರನ್ನೇ ಹಿಡಿಯಬೇಕು, ಅವರು ಯಾರೆಂದು ನೀವು ಹೇಳದಿದ್ದರೆ ಕಂಪನಿಗೆ ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 3ರ ಟಿಕೆಟ್: ಗಡುವು 17ಕ್ಕೆ. ಭಾವಿಸುವ ದಿನವೂ 17. ಕಾಗದದ ಮೇಲೆ ಅವರು ಕೂದಲೆಳೆಯಲ್ಲಿ ಪಾರು. ಆದರೆ ನಿಮಗೆ ನಿಜಕ್ಕೂ ತಲುಪಿದ್ದು 18. ಅದನ್ನು ಸಾಬೀತು ಮಾಡಿದರೆ ಇದೂ ಬಿದ್ದುಹೋಗುತ್ತದೆ. ಲಕೋಟೆ ಇಟ್ಟುಕೊಂಡಿದ್ದೀರಾ? ಸಗಟಾಗಿ ಕಳಿಸುವ ಲಕೋಟೆಗಳ ಮೇಲೆ ಎಷ್ಟೋ ಸಲ ಅಂಚೆ ಮುದ್ರೆಯ ದಿನಾಂಕವೇ ಇರುವುದಿಲ್ಲ. ಹಾಗಿದ್ದರೆ ಅಂದು ಬಂದ ಪತ್ರವನ್ನು ಫೋನಿನಲ್ಲಿ ಫೋಟೊ ತೆಗೆದು ಯಾರಿಗಾದರೂ ಕಳಿಸಿದ್ದೀರಾ, ಮನೆಯವರು ವಾಟ್ಸ್ಯಾಪ್ ಮಾಡಿದ್ದಾರಾ ನೋಡಿ. ಇನ್ನೊಂದು ದಾರಿಯೂ ಇದೆ: ಪತ್ರದ ಮೇಲಿನ ದಿನಾಂಕವೇ ಅಂಚೆಗೆ ಬಿದ್ದ ದಿನಾಂಕ ಆಗಿರಬೇಕಿಲ್ಲ. ಮುದ್ರಣ ಮತ್ತು ಅಂಚೆಯ ಕೆಲಸವನ್ನು ಹೊರಗಿನ ಸಂಸ್ಥೆಗೆ ಕೊಟ್ಟವರಲ್ಲಿ ಒಂದೆರಡು ದಿನದ ವ್ಯತ್ಯಾಸ ಸಾಮಾನ್ಯ. ಅಂಚೆಗೆ ಹಾಕಿದ ದಾಖಲೆ ತೋರಿಸಿ ಎಂದು ಮೇಲ್ಮನವಿಯಲ್ಲಿ ಕೇಳಿ.

ಸೆಪ್ಟೆಂಬರ್ 9ರ ಟಿಕೆಟ್: ಸಮಯಕ್ಕೆ ಸರಿಯಾಗಿದೆ. ಇಲ್ಲಿ ದಿನಾಂಕದ ವಾದ ಹೂಡಬೇಡಿ. ಇದಕ್ಕೆ ನಿಮ್ಮ ಆಸರೆ ಅನುಮತಿಯ ವಾದ ಒಂದೇ, ಅದು ಗಟ್ಟಿಯಾಗಿಯೇ ಇದೆ.

ಗಾಜಿಗೆ ಚೀಟಿ ಅಂಟಿಸಿದ್ದರೆ ಲೆಕ್ಕವೇ ಬೇರೆ. ಆಗ ಕೀಪರ್‌ಗೆ ಪತ್ರ ಬರಬೇಕಾದ್ದು 28 ದಿನ ಕಳೆದ ಮೇಲೆ, 56ನೇ ದಿನದೊಳಗೆ. ಅಂಥವರು ಅವಸರದಲ್ಲಿ "ಅದು ನಾನೇ" ಎಂದು ಬರೆದರೆ ಕೀಪರ್‌ಗೆ ನೋಟಿಸ್ ಕಳಿಸುವ ಶ್ರಮವನ್ನೂ ಕಂಪನಿಗೆ ಉಳಿಸಿಕೊಟ್ಟಂತೆ.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇಲ್ಲಿ ಅಕ್ಷರಶಃ ಸತ್ಯ. ಖಾಸಗಿ ಪಾರ್ಕಿಂಗ್‌ನಲ್ಲಿ ಚಾಲಕರ ಹೆಸರು ಹೇಳಲೇಬೇಕೆಂಬ ಕಾನೂನಿಲ್ಲ. ಕೀಪರ್ ಆದವರೇ ಓಡಿಸಿರಬೇಕು ಎಂದು ಊಹಿಸುವಂತೆಯೂ ಇಲ್ಲ. ಆನ್‌ಲೈನ್ ಫಾರ್ಮಿನಲ್ಲಿ ಚಾಲಕ, ಕೀಪರ್, ಬಾಡಿಗೆದಾರ ಎಂಬ ಆಯ್ಕೆ ಬರುತ್ತದೆ. ಕೀಪರ್ ಎಂದೇ ಒತ್ತಿ. ಮೂರೂ ಮೇಲ್ಮನವಿಯಲ್ಲಿ ಒಂದೇ ನಿಲುವು ಇರಲಿ. 9ರ ಟಿಕೆಟ್‌ನಲ್ಲಿ ಮೈಮರೆತು "ನಾನು ದಿನಾ ಅಲ್ಲೇ ನಿಲ್ಲಿಸುತ್ತೇನೆ" ಎಂದು ಬರೆದರೆ 2ರ ಟಿಕೆಟ್‌ನ ಬಲವೂ ಹೋಯಿತು. ಆಫೀಸ್ ಬ್ಯಾಡ್ಜ್ ಒಳಹೊಕ್ಕ ಸಮಯದ ಪಟ್ಟಿಯನ್ನು ಸಾಕ್ಷ್ಯವಾಗಿ ಲಗತ್ತಿಸುವುದೂ ಅದೇ ಥರದ ಎಡವಟ್ಟು. ಹಾಗೆಂದು ಸುಳ್ಳು ಬರೆಯಬೇಡಿ. "ನಾನು ಓಡಿಸಿಲ್ಲ" ಎನ್ನುವುದಕ್ಕೂ "ಹೇಳುವ ಬಾಧ್ಯತೆ ನನಗಿಲ್ಲ" ಎನ್ನುವುದಕ್ಕೂ ಅಜಗಜಾಂತರ. ಕೋರ್ಟಿನವರೆಗೆ ಹೋದರೆ ಸತ್ಯದ ಹೇಳಿಕೆಗೆ ಸಹಿ ಹಾಕಬೇಕಾಗುತ್ತದೆ; ಅಲ್ಲಿ ಸುಳ್ಳು ಹೇಳಿದರೆ 60 ಪೌಂಡಿನ ತಗಾದೆ ನ್ಯಾಯಾಂಗ ನಿಂದನೆಯ ವಿಷಯವಾಗಿ ಬೆಳೆಯುತ್ತದೆ. ನೇರವಾಗಿ ಕೇಳಿದಾಗ ನಿಜವನ್ನೇ ಹೇಳಬೇಕು.

ಕಂಪನಿಗೆ ಬರೆಯುವ ಮೇಲ್ಮನವಿ

ಪತ್ರದ ದಿನಾಂಕದಿಂದ 28 ದಿನ, ಅಂದರೆ ಅಕ್ಟೋಬರ್ 13ರವರೆಗೆ ಸಮಯ ಇಟ್ಟುಕೊಳ್ಳಿ. ಆದರೂ ರಿಯಾಯಿತಿಯ 14 ದಿನದೊಳಗೆ, ಸೆಪ್ಟೆಂಬರ್ 29ಕ್ಕೆ ಮೊದಲೇ ಹಾಕುವುದು ಜಾಣತನ. ಆ ಅವಧಿಯೊಳಗೆ ಮೇಲ್ಮನವಿ ಹಾಕಿದರೆ, ತಿರಸ್ಕರಿಸುವಾಗ 60 ಪೌಂಡಿನ ಅವಕಾಶವನ್ನು ಸಾಮಾನ್ಯವಾಗಿ ಮತ್ತೆ ಕೊಡುತ್ತಾರೆ. ಮೂರು ಟಿಕೆಟ್‌ಗೆ ಮೂರು ಮೇಲ್ಮನವಿ. ಒಂದೇ ಪತ್ರದಲ್ಲಿ ಮೂರು ನಂಬರ್ ಬರೆದರೆ ಒಂದಕ್ಕೆ ಮಾತ್ರ ಉತ್ತರ ಬಂದು ಉಳಿದೆರಡು ಗಡುವು ಮೀರಿದವೆಂದು ಬಿದ್ದಿರುತ್ತವೆ.

ಹಾಕುವ ಮೊದಲು ಬೋರ್ಡುಗಳ ಫೋಟೊ ತೆಗೆಯಿರಿ: ಗೇಟಿನಲ್ಲಿ ಚಾಲಕರ ಸೀಟಿನಿಂದ ಕಾಣುವಂತೆ ಒಂದು, ಕಾರು ನಿಲ್ಲುವ ಸಾಲಿನಿಂದ ಒಂದು, ಬೋರ್ಡಿನ ಅಕ್ಷರ ಓದುವಂತೆ ಹತ್ತಿರದಿಂದ ಒಂದು. ಬೋರ್ಡಿನಲ್ಲಿ ಯಾವ ಕಂಪನಿಯ ಹೆಸರಿದೆ, ಪತ್ರದಲ್ಲಿ ಹಣ ಕೇಳುತ್ತಿರುವುದು ಅದೇ ಕಂಪನಿಯೇ ಎಂದು ಹೋಲಿಸಿ. "ನೋಂದಾಯಿತ ವಾಹನಗಳು" ಎಂದಿದೆಯೋ, "ಅನುಮತಿ ಪಡೆದ ವಾಹನಗಳು" ಎಂದಿದೆಯೋ ನೋಡಿ. ಎರಡನೆಯದಾದರೆ ನಿಮ್ಮ ಕೆಲಸ ಅರ್ಧ ಆಯಿತು. ಅನುಮತಿ ಕೊಡುವವರು ನಿಮ್ಮ ಉದ್ಯೋಗದಾತರು, ಅದು ಆಗಸ್ಟ್ 29ಕ್ಕೇ ಸಿಕ್ಕಿತ್ತು.

ಪತ್ರ ಇಂಗ್ಲಿಷಿನಲ್ಲೇ ಹೋಗಬೇಕು. ಸಾರ ಹೀಗಿರಲಿ: "ಈ ವಾಹನದ ನೋಂದಾಯಿತ ಕೀಪರ್ ಆಗಿ ಬರೆಯುತ್ತಿದ್ದೇನೆ. ಚಾಲಕರ ಗುರುತು ತಿಳಿಸುವ ಬಾಧ್ಯತೆ ಇಲ್ಲ, ತಿಳಿಸುವುದೂ ಇಲ್ಲ. ವಾಹನಕ್ಕೆ ಆವರಣದ ಬಾಡಿಗೆದಾರ ಸಂಸ್ಥೆಯ ಅನುಮತಿ ಇತ್ತು. ಆಗಸ್ಟ್ 29ರ ಇಮೇಲ್ ಮತ್ತು ಸಂಸ್ಥೆಯ ದೃಢೀಕರಣ ಲಗತ್ತಿಸಿದೆ. ಪಟ್ಟಿ ನವೀಕರಿಸುವುದು ಸಂಸ್ಥೆ ಮತ್ತು ನಿಮ್ಮ ನಡುವಿನ ಆಡಳಿತ ವಿಷಯ, ಅದರ ವಿಳಂಬಕ್ಕೆ ವಾಹನದವರು ಹೊಣೆಯಲ್ಲ. ನೋಟಿಸ್ ಅನುಸೂಚಿ 4ರ 9ನೇ ಪ್ಯಾರಾದ ಅವಧಿಯಲ್ಲಿ ತಲುಪಿಲ್ಲ, ಆದ್ದರಿಂದ ಕೀಪರ್ ಹೊಣೆಗಾರಿಕೆ ಉಂಟಾಗಿಲ್ಲ. ಇಲ್ಲಿ ಚಾರ್ಜ್ ವಿಧಿಸಲು ಜಾಗದ ಮಾಲೀಕರು ನಿಮಗೆ ಕೊಟ್ಟ ಲಿಖಿತ ಅಧಿಕಾರ ತೋರಿಸಿ. ರದ್ದು ಮಾಡದಿದ್ದರೆ ಸ್ವತಂತ್ರ ಮೇಲ್ಮನವಿಯ ವಿವರ ಕೊಡಿ." ದಿನಾಂಕದ ವಾಕ್ಯವನ್ನು 2 ಮತ್ತು 3ರ ಟಿಕೆಟ್‌ಗಳಿಗೆ ಮಾತ್ರ ಸೇರಿಸಿ. ಬೇಸರ, ಸಿಟ್ಟು, ಕೆಲಸದ ಒತ್ತಡದ ವರ್ಣನೆ ಬೇಡ. ಓದುವವರು ಹುಡುಕುವುದು ತಿರಸ್ಕರಿಸಲು ಒಂದು ಎಳೆಯನ್ನು.

ಇದರ ಜೊತೆಗೇ ಕಂಪನಿಯ ದತ್ತಾಂಶ ರಕ್ಷಣಾ ಅಧಿಕಾರಿಗೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್, ಅಂದರೆ ನನ್ನ ಬಗ್ಗೆ ಇಟ್ಟಿರುವ ಮಾಹಿತಿ ಕೊಡಿ ಎಂಬ ಕೋರಿಕೆ ಕಳಿಸಿ. ನಿಮ್ಮ ವಾಹನದ ಎಲ್ಲ ಕ್ಯಾಮೆರಾ ಚಿತ್ರ, ಪಟ್ಟಿಗೆ ನಂಬರ್ ಸೇರಿಸಿದ ದಾಖಲೆ, ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಯಿಂದ ನಿಮ್ಮ ವಿಳಾಸ ಪಡೆದ ದಿನಾಂಕ ಕೇಳಿ. ಶುಲ್ಕವಿಲ್ಲ, ಒಂದು ತಿಂಗಳೊಳಗೆ ಕೊಡಬೇಕು. ಕ್ಯಾಮೆರಾ ಚಿತ್ರಗಳು ಯಾಕೆಂದರೆ ಆಫೀಸ್ ಪಾರ್ಕಿಂಗ್‌ನ ಇನ್ನೊಂದು ಹಳೇ ರೋಗ ಹೀಗಿದೆ: ಬೆಳಿಗ್ಗೆ ಒಳಬಂದ ಕಾರು ಊಟಕ್ಕೆ ಹೊರಗೆ ಹೋಗಿ ಬರುತ್ತದೆ, ನಡುವಿನ ಎರಡು ಓಡಾಟವನ್ನು ಕ್ಯಾಮೆರಾ ಹಿಡಿಯುವುದಿಲ್ಲ, ಎರಡು ಚಿಕ್ಕ ಭೇಟಿಗಳು ಒಂದು ದೊಡ್ಡ ತಂಗುವಿಕೆಯಾಗಿ ದಾಖಲಾಗುತ್ತವೆ. ಸಮಯಮಿತಿ ಇರುವ ವಿಸಿಟರ್ ಜಾಗಗಳಲ್ಲಿ ಟಿಕೆಟ್ ಬೀಳುವುದಕ್ಕೆ ಇದು ಸಾಮಾನ್ಯ ಕಾರಣ. ಹೊರಗೆ ಹೋಗಿದ್ದರ ಪೆಟ್ರೋಲ್ ಬಂಕ್ ರಸೀದಿ, ಗೂಗಲ್ ಟೈಮ್‌ಲೈನ್ ಇದ್ದರೆ ಅಲ್ಲಿಗೆ ಮುಗಿಯಿತು. ಆದರೆ ಅದನ್ನು ಕೊಟ್ಟರೆ ಚಾಲಕರು ಯಾರೆಂಬುದೂ ಗೊತ್ತಾಗುತ್ತದೆ, ತೂಗಿ ನೋಡಿ ಕೊಡಿ.

ರಿಸೆಪ್ಷನ್‌ನ ಟ್ಯಾಬ್ಲೆಟ್‌ನಲ್ಲಿ ನಂಬರ್ ಒತ್ತುವ ಪದ್ಧತಿ ಇರುವಲ್ಲಿ ಟೈಪಿಂಗ್ ತಪ್ಪೇ ದೊಡ್ಡ ತಲೆನೋವು. ಪಾರ್ಕಿಂಗ್ ಕಂಪನಿಗಳ ಎರಡು ವ್ಯಾಪಾರ ಸಂಘಗಳು (ಬಿಪಿಎ ಮತ್ತು ಐಪಿಸಿ) ಸೇರಿ 2024ರಲ್ಲಿ ತಂದ ಏಕ ಸಂಹಿತೆ ಇದಕ್ಕೆ ಪರಿಹಾರ ಕೊಟ್ಟಿದೆ. ಸೊನ್ನೆಗೆ ಬದಲು 'ಓ' ಒತ್ತಿದಂಥ ಸಣ್ಣ ತಪ್ಪಿಗೆ ಟಿಕೆಟ್ ರದ್ದಾಗಬೇಕು, ದೊಡ್ಡ ತಪ್ಪಿಗೆ 20 ಪೌಂಡ್‌ಗೆ ಇಳಿಸಬೇಕು. ಹೊಸದಾಗಿ ಕ್ಯಾಮೆರಾ ಅಥವಾ ಪರ್ಮಿಟ್ ಪದ್ಧತಿ ತಂದ ಜಾಗಗಳಲ್ಲಿ, ನಿಯಮ ಬದಲಾಗಿದೆ ಎಂಬ ಹೆಚ್ಚುವರಿ ಬೋರ್ಡು ಕನಿಷ್ಠ ನಾಲ್ಕು ತಿಂಗಳು ಗೇಟಿನಲ್ಲಿ ಇರಬೇಕೆಂಬ ನಿಯಮವೂ ಅದರಲ್ಲಿದೆ. ಮಾಲೀಕರು ಬದಲಾದ ಬಿಸಿನೆಸ್ ಪಾರ್ಕ್‌ಗಳಲ್ಲಿ ಇದನ್ನು ಮರೆಯುವುದು ಹೆಚ್ಚು.

"ಪರ್ಮಿಟ್ ಇಲ್ಲದವರು ನಿಲ್ಲಿಸುವಂತಿಲ್ಲ" ಎಂದಷ್ಟೇ ಬರೆದ ಬೋರ್ಡು ಪರ್ಮಿಟ್ ಇಲ್ಲದವರಿಗೆ ಒಪ್ಪಂದವನ್ನೇ ಮುಂದಿಟ್ಟಿಲ್ಲ, ಆದ್ದರಿಂದ ಒಪ್ಪಂದ ಮುರಿದ ಮಾತೇ ಬರದು ಎಂಬ ವಾದವೂ ಉಂಟು. 2016ರಲ್ಲಿ ಹೈ ವಿಕಂಬ್ ಕೌಂಟಿ ಕೋರ್ಟು ಇದನ್ನು ಒಪ್ಪಿತ್ತು. ಕೇಳಲು ಚೆಂದ, ಆದರೆ ಮೇಲ್ಮನವಿ ಪರಿಶೀಲಕರು ಸುಲಭಕ್ಕೆ ಒಪ್ಪುವುದಿಲ್ಲ, ಕೋರ್ಟಿಗೆ ಉಳಿಸಿಕೊಳ್ಳಿ. ನಿಮಗಂತೂ ಅನುಮತಿಯೇ ಇತ್ತೆಂದು ವಾದಿಸುವಾಗ ಇದನ್ನು ಮುಂದೆ ಹಾಕಿದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ.

ತಿರಸ್ಕರಿಸಿದರೆ

ತಿರಸ್ಕರಿಸುವ ಸಾಧ್ಯತೆಯೇ ಹೆಚ್ಚು, ಅದೂ ತಿಪ್ಪೆ ಸಾರಿಸಿದಂಥ ಅಚ್ಚಿನ ಉತ್ತರದಲ್ಲಿ. ಎದೆಗುಂದಬೇಡಿ. ಪತ್ರದ ಅಡಿಯಲ್ಲಿ ಯಾವ ಸಂಘದ ಗುರುತಿದೆ ನೋಡಿ. ಬಿಪಿಎ ಸದಸ್ಯ ಕಂಪನಿಯಾದರೆ ಪೋಪ್ಲಾ ಎಂಬ ಸ್ವತಂತ್ರ ಮೇಲ್ಮನವಿ ಸೇವೆಗೆ ಕೋಡ್ ಕೊಡುತ್ತಾರೆ. ತಿರಸ್ಕಾರದ ದಿನದಿಂದ 28 ದಿನ ಅದು ಚಾಲ್ತಿ. ಐಪಿಸಿ ಸದಸ್ಯ ಕಂಪನಿಯಾದರೆ ಐಎಎಸ್ ಎಂಬ ಸೇವೆ. ನಮ್ಮೂರಿನ ಜಿಲ್ಲಾಧಿಕಾರಿಗೂ ಇದಕ್ಕೂ ಸಂಬಂಧವಿಲ್ಲ! ಗಡುವು ಎಷ್ಟೆಂದು ತಿರಸ್ಕಾರದ ಪತ್ರದಲ್ಲೇ ಇರುತ್ತದೆ.

ಪೋಪ್ಲಾ ಉಚಿತ. ಅಲ್ಲಿನ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಗೆದ್ದರೆ ಟಿಕೆಟ್ ರದ್ದು, ಸೋತರೂ ಕೋರ್ಟಿನಲ್ಲಿ ವಾದಿಸುವ ಹಕ್ಕು ಉಳಿದೇ ಇರುತ್ತದೆ. ಕಳೆದುಕೊಳ್ಳುವುದು 60 ಪೌಂಡಿಗೇ ಮುಗಿಸುವ ರಿಯಾಯಿತಿ ಮಾತ್ರ. ಇಲ್ಲಿ ಕರುಣೆಗೆ ಬೆಲೆಯಿಲ್ಲ, ನಿಯಮಕ್ಕೆ ಮಾತ್ರ ಬೆಲೆ. ಮೂರು ಅಂಶಗಳನ್ನು ಬೇರೆ ಬೇರೆ ಶೀರ್ಷಿಕೆಯಲ್ಲಿ ಬರೆದು ಪಿಡಿಎಫ್ ಮಾಡಿ ಹಾಕಿ: ಕೀಪರ್ ಹೊಣೆಗಾರಿಕೆ ಇಲ್ಲ (2 ಮತ್ತು 3ರ ಟಿಕೆಟ್‌ಗೆ ಮಾತ್ರ), ವಾಹನಕ್ಕೆ ಅನುಮತಿ ಇತ್ತು, ಮಾಲೀಕರ ಲಿಖಿತ ಅಧಿಕಾರ ತೋರಿಸಿಲ್ಲ. ಕಂಪನಿ ತನ್ನ ಸಾಕ್ಷ್ಯ ಹಾಕಿದ ಮೇಲೆ ನಿಮಗೆ ಪ್ರತಿಕ್ರಿಯೆಗೆ ಏಳು ದಿನ ಸಿಗುತ್ತದೆ. ಗೆಲ್ಲುವ ಕೇಸುಗಳು ಎಷ್ಟೋ ಸಲ ಗೆಲ್ಲುವುದು ಈ ಏಳು ದಿನದಲ್ಲಿ. ಮಾಲೀಕರ ಒಪ್ಪಂದದ ಪ್ರತಿಯಲ್ಲಿ ಸಹಿಯ ಜಾಗಕ್ಕೆ ಕಪ್ಪು ಬಳಿದಿರಬಹುದು, ಅವಧಿ ಮುಗಿದಿರಬಹುದು, ನಿಮ್ಮ ಕಟ್ಟಡದ ಹೆಸರೇ ಇಲ್ಲದಿರಬಹುದು. ಒಂದೊಂದು ಪುಟ ಓದಿ ಬರೆಯಿರಿ. ಹೊಸ ವಾದ ಸೇರಿಸಲು ಬಿಡುವುದಿಲ್ಲ, ಅವರ ಸಾಕ್ಷ್ಯದ ಹುಳುಕು ಮಾತ್ರ ಎತ್ತಿ ತೋರಿಸಬಹುದು.

ಐಎಎಸ್‌ನಲ್ಲಿ ವಾಹನದವರು ಗೆಲ್ಲುವುದು ಇನ್ನಷ್ಟು ಕಷ್ಟ ಎಂಬುದು ಈ ಕ್ಷೇತ್ರದವರ ಸಾಮಾನ್ಯ ಅಭಿಪ್ರಾಯ. ದಿನಾಂಕದ ಲೆಕ್ಕದಷ್ಟು ಸ್ಪಷ್ಟವಾದ ಅಂಶ ಕೈಯಲ್ಲಿದ್ದರೆ ಹಾಕಿ, ಬರೀ ಪರಿಸ್ಥಿತಿಯ ವಿವರಣೆ ಇದ್ದರೆ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ.

ವಸೂಲಿ ಪತ್ರ, ಕೋರ್ಟು, ವೀಸಾ

ಆಮೇಲೆ ಕೆಂಪಕ್ಷರದ ಪತ್ರಗಳ ಸುರಿಮಳೆ ಶುರುವಾಗಬಹುದು. 100 ಪೌಂಡಿಗೆ 70 ಸೇರಿ 170 ಆಗುತ್ತದೆ. ಇವರು ಬರೀ ವಸೂಲಿ ಏಜೆನ್ಸಿಯವರು. ಮನೆಯೊಳಗೆ ಬರುವ, ಸಾಮಾನು ಜಪ್ತಿ ಮಾಡುವ ಅಧಿಕಾರ ಇವರಿಗಿಲ್ಲ. ಫೋನಿನಲ್ಲಿ ಮಾತಾಡಬೇಡಿ, ಪತ್ರಗಳನ್ನು ಜೋಪಾನವಾಗಿಡಿ. ಆದರೆ ಎರಡು ಕಾಗದ ಬಂದರೆ ಕೂತುಕೊಳ್ಳಬೇಡಿ. ಒಂದು ಲೆಟರ್ ಆಫ್ ಕ್ಲೇಮ್, ಅಂದರೆ ದಾವೆ ಹೂಡುವ ಮುಂಚಿನ ಎಚ್ಚರಿಕೆ ಪತ್ರ, ಅದಕ್ಕೆ 30 ದಿನದೊಳಗೆ ಉತ್ತರಿಸಬೇಕು. ಇನ್ನೊಂದು ನಾರ್ಥಾಂಪ್ಟನ್‌ನ ಸಿವಿಲ್ ನ್ಯಾಷನಲ್ ಬಿಸಿನೆಸ್ ಸೆಂಟರ್‌ನಿಂದ ಬರುವ ಕ್ಲೇಮ್ ಫಾರ್ಮ್. ಅದರ ದಿನಾಂಕಕ್ಕೆ ಐದು ದಿನ ಸೇರಿಸಿದರೆ ಜಾರಿಯಾದ ದಿನ; ಅಲ್ಲಿಂದ 14 ದಿನದೊಳಗೆ ಆನ್‌ಲೈನ್‌ನಲ್ಲಿ ಸ್ವೀಕೃತಿ ತಿಳಿಸಿದರೆ ಪ್ರತಿವಾದ ಸಲ್ಲಿಸಲು ಜಾರಿಯಾದ ದಿನದಿಂದ ಒಟ್ಟು 28 ದಿನ ಸಿಗುತ್ತದೆ. ಪ್ರಕರಣ ಸಣ್ಣ ಮೊತ್ತದ ವ್ಯಾಜ್ಯಗಳ ವಿಭಾಗವಾದ ಸ್ಮಾಲ್ ಕ್ಲೇಮ್ಸ್‌ಗೆ ಹೋಗುತ್ತದೆ. ಒಂದು ಟಿಕೆಟ್‌ನ ಕೇಸಿನಲ್ಲಿ ಸೋತರೂ 35 ಪೌಂಡ್ ಕೋರ್ಟು ಶುಲ್ಕ, 27 ಪೌಂಡ್ ವಿಚಾರಣಾ ಶುಲ್ಕ, 50 ಪೌಂಡ್ ವಕೀಲರ ನಿಗದಿತ ವೆಚ್ಚ, ಬಡ್ಡಿ, ಸಾಮಾನ್ಯವಾಗಿ ಇಷ್ಟೇ ಸೇರುವುದು. ಮನೆ ಮಠ ಹೋಗುವಂಥದ್ದೇನಿಲ್ಲ.

ಹಾಗೆಂದು ಕೆಲಸದ ಜಾಗದ ಕೇಸೆಲ್ಲ ಗೆದ್ದೇ ಗೆಲ್ಲುತ್ತದೆ ಎಂದೂ ಅಲ್ಲ. ಕಾರ್ಡಿಫ್‌ನ ಯೂನಿವರ್ಸಿಟಿ ಹಾಸ್ಪಿಟಲ್ ಆಫ್ ವೇಲ್ಸ್‌ನ ನರ್ಸುಗಳೂ ಇತರ ಸಿಬ್ಬಂದಿಯೂ ತಮ್ಮದೇ ಆಸ್ಪತ್ರೆಯಲ್ಲಿ ಬಿದ್ದ ಟಿಕೆಟ್‌ಗಳನ್ನು ಕಟ್ಟದೆ ಹೋರಾಡಿ 2017ರಲ್ಲಿ ಕೌಂಟಿ ಕೋರ್ಟಿನಲ್ಲಿ ಸೋತರು. ಸಿಬ್ಬಂದಿ ಎಂಬ ಕಾರಣವೊಂದೇ ಸಾಲದು ಎಂಬುದಕ್ಕೆ ಅದು ಸಾಕ್ಷಿ. ಅನುಮತಿಯ ಲಿಖಿತ ದಾಖಲೆ ಇರಬೇಕು. ನಿಮ್ಮ ಹತ್ತಿರ ಅದಿದೆ.

ವೀಸಾ ವಿಷಯ. ಟಿಕೆಟ್ ಅಪರಾಧವಲ್ಲ, ಮೇಲ್ಮನವಿ ಹಾಕಿದ್ದಕ್ಕೆ ಯಾರೂ ಏನೂ ಕೇಳುವುದಿಲ್ಲ. ತೊಂದರೆ ಬರುವುದು ಕೋರ್ಟಿನ ತೀರ್ಪು, ಅಂದರೆ ಸಿಸಿಜೆ, ನಿಮ್ಮ ಹೆಸರಿನಲ್ಲಿ ದಾಖಲಾದರೆ. ಪೌರತ್ವದ ಅರ್ಜಿಯಲ್ಲಿ ಸಿವಿಲ್ ತೀರ್ಪುಗಳ ಬಗ್ಗೆ ಪ್ರಶ್ನೆ ಇದೆ. ಅದಕ್ಕಿಂತ ಹೆಚ್ಚಾಗಿ ಮನೆ ಸಾಲ, ಬಾಡಿಗೆ ಮನೆಗೆ ಅದು ಅಡ್ಡಗಾಲು. ದಾಖಲೆ ಆರು ವರ್ಷ ಇರುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಅಳಿಸುತ್ತಾರೆ. ಹಾಗಾಗಿ ವಿಚಾರಣೆಯಲ್ಲಿ ಸೋತರೂ ತಕ್ಷಣ ಕಟ್ಟಿದವರಿಗೆ ಕಲೆ ಉಳಿಯುವುದಿಲ್ಲ. ನಿಜವಾಗಿ ಸಿಕ್ಕಿಬೀಳುವವರು ಪತ್ರವೇ ಸಿಗದವರು. ಮನೆ ಬದಲಿಸಿ ವಿ5ಸಿ ಎಂಬ ವಾಹನ ನೋಂದಣಿ ಪತ್ರದಲ್ಲಿ ವಿಳಾಸ ಬದಲಿಸದವರು, ಪ್ರಾಜೆಕ್ಟ್ ಮುಗಿಸಿ ಬೆಂಗಳೂರಿಗೋ ಮೈಸೂರಿಗೋ ವಾಪಸಾದವರು. ಹಳೇ ವಿಳಾಸಕ್ಕೆ ಕ್ಲೇಮ್ ಫಾರ್ಮ್ ಹೋಗಿ, ಉತ್ತರವಿಲ್ಲದೆ ಏಕಪಕ್ಷೀಯ ತೀರ್ಪಾಗಿ, ಎರಡು ವರ್ಷದ ಮೇಲೆ ಮತ್ತೆ ಇಲ್ಲಿಗೆ ಬಂದು ಫೋನ್ ಕಾಂಟ್ರಾಕ್ಟ್ ಕೇಳಿದಾಗ ಗೊತ್ತಾಗುತ್ತದೆ. ಅದನ್ನು ತೆಗೆಸಲು ಹಾಕುವ ಅರ್ಜಿಯ ಶುಲ್ಕವೇ 300 ಪೌಂಡ್ ದಾಟುತ್ತದೆ. ಪ್ರಕರಣ ಬಾಕಿಯಿದ್ದಾಗ ಮನೆ ಬದಲಿಸಿದರೆ ಪಾರ್ಕಿಂಗ್ ಕಂಪನಿಗೂ ಅವರ ವಕೀಲರಿಗೂ ಹೊಸ ವಿಳಾಸವನ್ನು ಇಮೇಲ್‌ನಲ್ಲಿ ತಿಳಿಸಿ, ಹಳೆಯದನ್ನು ಅಳಿಸಲು ಹೇಳಿ.

ಕಂಪನಿ ಕಾರು ಓಡಿಸುವ ಓದುಗರಿಗೆ ಎರಡು ಮಾತು. ಅವರ ನೋಟಿಸ್ ಮೊದಲು ಹೋಗುವುದು ಲೀಸಿಂಗ್ ಸಂಸ್ಥೆಗೆ. ಕೆಲವು ಸಂಸ್ಥೆಗಳು ಯಾರನ್ನೂ ಕೇಳದೆ ಕಟ್ಟಿ, ಮೇಲೆ ಆಡಳಿತ ಶುಲ್ಕ ಸೇರಿಸಿ ಉದ್ಯೋಗದಾತರಿಗೆ ಬಿಲ್ ಕಳಿಸುತ್ತವೆ. ಕಟ್ಟಬೇಡಿ, ಬಾಡಿಗೆದಾರರ ವಿವರ ಮಾತ್ರ ಕೊಡಿ ಎಂದು ಫ್ಲೀಟ್ ವಿಭಾಗದವರಿಂದ ಮೊದಲೇ ಹೇಳಿಸಿಡಿ. ಬಾಡಿಗೆದಾರರ ಹೆಸರಿಗೆ ಹೊಸ ನೋಟಿಸ್ ಬರುವಾಗ ಅದರ ಜೊತೆ ಬಾಡಿಗೆ ಕರಾರು ಮತ್ತು ಹೊಣೆಗಾರಿಕೆ ಹೇಳಿಕೆಯ ಪ್ರತಿಗಳು ಇರಲೇಬೇಕೆಂದು ಅನುಸೂಚಿ 4ರ 14ನೇ ಪ್ಯಾರಾ ಹೇಳುತ್ತದೆ. ಲಕೋಟೆ ಬಿಚ್ಚಿದರೆ ಎಷ್ಟೋ ಸಲ ಒಂದು ಹಾಳೆ ಬಿಟ್ಟು ಬೇರೇನೂ ಇರುವುದಿಲ್ಲ. ಆ ಕೊರತೆಯೊಂದರ ಮೇಲೇ ಪೋಪ್ಲಾದಲ್ಲಿ ಗೆಲ್ಲಬಹುದು. ಉದ್ಯೋಗದಾತರು ಆಗಲೇ ಕಟ್ಟಿ ಸಂಬಳದಲ್ಲಿ ಹಿಡಿದುಕೊಳ್ಳಲು ಹೊರಟರೆ, 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆ್ಯಕ್ಟ್‌ನ 13ನೇ ಸೆಕ್ಷನ್ ನೋಡಿ. ನಿಮ್ಮ ಉದ್ಯೋಗ ಕರಾರಿನಲ್ಲಿ ಅದಕ್ಕೆ ಅವಕಾಶವಿರಬೇಕು, ಇಲ್ಲವೇ ನೀವು ಮೊದಲೇ ಲಿಖಿತ ಒಪ್ಪಿಗೆ ಕೊಟ್ಟಿರಬೇಕು. ಕಾರು ಕೈಗೆ ಬಂದ ದಿನ ಓದದೆ ಸಹಿ ಹಾಕಿದ ಕಾರ್ ಪಾಲಿಸಿಯಲ್ಲೇ ಆ ಒಪ್ಪಿಗೆ ಅಡಗಿರುವುದುಂಟು, ಆದ್ದರಿಂದ ಎಚ್‌ಆರ್‌ಗೆ ಬರೆಯುವ ಮೊದಲು ಅದನ್ನು ತೆಗೆದು ಓದಿಕೊಳ್ಳಿ.